ಪಂಕ್ತಿ ಮುರಿದ ಸಭೆ

1998ರ ಆಗಸ್ಟ್ 5. ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಕೆಂಟ್ ವಿಶ್ವವಿದ್ಯಾಲಯದಲ್ಲಿ ಜಗತ್ತಿನ ನಾನಾ ಕಡೆಗಳಿಂದ ಬಂದ ಸುಮಾರು 750 ಆಂಗ್ಲಿಕನ್ ಬಿಷಪರು ಸೇರಿದ್ದರು. ಹತ್ತು ವರ್ಷಕ್ಕೊಮ್ಮೆ ನಡೆಯುವ ಲ್ಯಾಂಬೆತ್ ಸಮ್ಮೇಳನ ಅದು. ಸಲಿಂಗಕಾಮದ ಕುರಿತ ನಿರ್ಣಯ ಅಂದು ಮತಕ್ಕೆ ಬರುವುದಿತ್ತು. ಸಲಿಂಗಿ ಕ್ರೈಸ್ತರ ಸಂಘಟನೆಯೊಂದರ ಪ್ರಧಾನ ಕಾರ್ಯದರ್ಶಿ ರಿಚರ್ಡ್ ಕರ್ಕರ್ ಸಭಾಂಗಣದ ಹೊರಗೆ ನಿಂತಿದ್ದರು. ನೈಜೀರಿಯದ ಎನುಗು ಎಂಬಲ್ಲಿಯ ಬಿಷಪ್ ಇಮ್ಯಾನುಯೆಲ್ ಚುಕ್ವುಮ ಬಂದು ಕರ್ಕರ್ ಅವರೊಂದಿಗೆ ವಾದಕ್ಕಿಳಿದರು. ಮಾತು ಏರುತ್ತಾ ಹೋಗಿ, ಕೊನೆಗೆ ಬಿಷಪರು ಕರ್ಕರ್ ತಲೆಯ ಮೇಲೆ ಕೈಯಿಟ್ಟು ಸಲಿಂಗಕಾಮದ ದೆವ್ವವನ್ನು ಬಿಡಿಸಲು ಹೊರಟರು. ಸುತ್ತ ಪತ್ರಕರ್ತರು, ಕ್ಯಾಮೆರಾಗಳು. ಕರ್ಕರ್ ಕೈ ಸರಿಸಿದರು, ಆದರೆ ದನಿ ಏರಿಸಲಿಲ್ಲ. ಈ ಪೂರ್ವಗ್ರಹದಿಂದ ದೇವರು ನಿಮ್ಮನ್ನು ಬಿಡಿಸಲಿ ಎಂದು ತಾವೂ ಹಾರೈಸಿದರು.

ಒಳಗೆ ಮತದಾನ ನಡೆಯಿತು. ಪರ 526, ವಿರುದ್ಧ 70, ತಟಸ್ಥ 45. ಮದುವೆಯೆಂದರೆ ಒಬ್ಬ ಗಂಡು ಒಬ್ಬ ಹೆಣ್ಣಿನ ಜೀವನಪರ್ಯಂತದ ಸಂಬಂಧ, ಸಲಿಂಗ ಸಂಬಂಧದ ಆಚರಣೆ ಸತ್ಯವೇದಕ್ಕೆ ಹೊಂದುವುದಿಲ್ಲ, ಅಂಥ ಜೋಡಿಗಳನ್ನು ಆಶೀರ್ವದಿಸುವುದಕ್ಕಾಗಲಿ ಅಂಥ ಸಂಬಂಧದಲ್ಲಿರುವವರಿಗೆ ಪಾದ್ರಿ ದೀಕ್ಷೆ ಕೊಡುವುದಕ್ಕಾಗಲಿ ಸಮ್ಮತಿಸಲಾಗದು ಎಂದು ನಿರ್ಣಯ ಹೇಳಿತು. ಅದೇ ನಿರ್ಣಯದಲ್ಲಿ ಇನ್ನೊಂದು ಮಾತೂ ಇತ್ತು: ಸಲಿಂಗಿಗಳ ಅನುಭವವನ್ನು ಕೇಳಿಸಿಕೊಳ್ಳುತ್ತೇವೆ, ದೀಕ್ಷಾಸ್ನಾನ ಪಡೆದು ನಂಬಿಕೆಯಲ್ಲಿ ನಡೆಯುವ ಅವರೂ ಕ್ರಿಸ್ತನ ದೇಹದ ಪೂರ್ಣ ಅಂಗಗಳೇ. ಲ್ಯಾಂಬೆತ್ 1.10 ಎಂದು ಹೆಸರಾದ ಈ ನಿರ್ಣಯದ ಮೊದಲ ಭಾಗವನ್ನು ಮುಂದಿನ ಕಾಲು ಶತಮಾನ ಎಲ್ಲರೂ ಬಾಯಿಪಾಠ ಒಪ್ಪಿಸಿದರು. ಎರಡನೆಯದನ್ನು ಹಾಗೆ ನೆನೆದವರು ಕಡಿಮೆ. ಅನುಭವ ಹೇಳಬೇಕಾದವರು ಬಾಗಿಲ ಹೊರಗೇ ನಿಂತಿದ್ದ ದಿನ ಆ ಮಾತು ಬರೆಯಲ್ಪಟ್ಟಿತು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಆಂಗ್ಲಿಕನ್ ಬಳಗದ ಕಟ್ಟುಪಾಡು ಗೊತ್ತಿಲ್ಲದಿದ್ದರೆ ಮುಂದಿನ ಕಥೆ ಅರ್ಥವಾಗದು. ರೋಮಿನ ಸಭೆಗೆ ಪೋಪ್ ಇದ್ದಾರೆ, ಅವರ ಮಾತೇ ಕೊನೆ. ಇಲ್ಲಿ ಹಾಗಿಲ್ಲ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಹಿರಿಯರು, ಅಷ್ಟೇ. ನೈಜೀರಿಯದ ಸಭೆಗಾಗಲಿ ಅಮೆರಿಕದ ಸಭೆಗಾಗಲಿ ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ. ಒಂದೊಂದು ಪ್ರಾಂತವೂ ತನ್ನ ಕಾನೂನನ್ನು ತಾನೇ ಮಾಡಿಕೊಳ್ಳುತ್ತದೆ. ಮೊದಲ ಲ್ಯಾಂಬೆತ್ ಸಮ್ಮೇಳನ ಸೇರಿದ್ದು 1867ರಲ್ಲಿ, ಅದೂ ಜಗಳವೊಂದರ ಬೆನ್ನಲ್ಲೇ. ದಕ್ಷಿಣ ಆಫ್ರಿಕದ ನಟಾಲಿನ ಬಿಷಪ್ ಕೊಲೆನ್ಸೊ ಸತ್ಯವೇದದ ಮೊದಲ ಪುಸ್ತಕಗಳನ್ನು ಅಕ್ಷರಶಃ ಚರಿತ್ರೆಯೆಂದು ಒಪ್ಪದೆ ಕೋಲಾಹಲ ಎಬ್ಬಿಸಿದ್ದರು. ಅಂದು ಬಂದ 76 ಬಿಷಪರು ಕಾನೂನು ಮಾಡಲು ಕೂಡಲಿಲ್ಲ, ಸಮಾಲೋಚನೆಗೆ ಕೂಡಿದರು. ಅಂದಿನಿಂದಲೂ ಈ ಬಳಗವನ್ನು ಹಿಡಿದಿಟ್ಟದ್ದು ಒಂದೇ ಪಂಕ್ತಿಯಲ್ಲಿ ಕೂರುವ ಒಪ್ಪಿಗೆ. ನಮ್ಮ ಊರುಗಳಲ್ಲಿ ಯಾರು ಯಾರ ಪಕ್ಕ ಊಟಕ್ಕೆ ಕೂರುತ್ತಾರೆ, ಯಾರು ಎಲೆ ಬಿಟ್ಟು ಏಳುತ್ತಾರೆ ಎಂಬುದರಲ್ಲಿ ಸಂಬಂಧ ಉಳಿಯಿತೋ ಮುರಿಯಿತೋ ಗೊತ್ತಾಗುವಂತೆ, ಅಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ಯಾರು ಯಾರೊಡನೆ ಸ್ವೀಕರಿಸುತ್ತಾರೆ ಎಂಬುದೇ ಎಲ್ಲವನ್ನೂ ಹೇಳುತ್ತದೆ.

ಆಫ್ರಿಕದ ಬಿಷಪರ ಸಿಟ್ಟನ್ನು ಬರೀ ಹಿಂದುಳಿದ ಮನಸ್ಸು ಎಂದು ತಳ್ಳಿಹಾಕಿದವರು ಪಶ್ಚಿಮದಲ್ಲಿ ಬಹಳ ಮಂದಿ. ಅದು ಅನ್ಯಾಯ. ಆ ಸಿಟ್ಟಿಗೆ ಚರಿತ್ರೆಯಿದೆ. ಬಹುಪತ್ನಿಯರಿರುವ ಗಂಡಸಿಗೆ, ಆ ಸಂಸಾರ ಬಿಟ್ಟುಬರುವ ತನಕ ದೀಕ್ಷಾಸ್ನಾನ ಕೊಡಕೂಡದು ಎಂದು 1888ರ ಲ್ಯಾಂಬೆತ್ ಸಮ್ಮೇಳನ ಹೇಳಿತ್ತು. ಅದನ್ನು ಸಡಿಲಿಸಿದ್ದು 1988ರಲ್ಲಿ. ನೂರು ವರ್ಷ, ಮದುವೆಯೆಂದರೆ ಒಂದು ಗಂಡು ಒಂದು ಹೆಣ್ಣು, ಇದು ದೇವರ ಮಾತು, ಇದರಲ್ಲಿ ರಾಜಿಯಿಲ್ಲ ಎಂದು ಬಿಳಿಯ ಮಿಷನರಿಗಳು ಕಲಿಸಿದರು. ಅದಕ್ಕಾಗಿ ಎಷ್ಟು ಮನೆಗಳು ಒಡೆದವೋ, ಎಷ್ಟು ಹೆಂಗಸರು ತವರಿಗೆ ಮರಳಬೇಕಾಯಿತೋ. ಅದೇ ಬಿಳಿಯರ ಮೊಮ್ಮಕ್ಕಳು ಬಂದು ಮದುವೆಯ ಅರ್ಥ ಬದಲಾಗಿದೆ ಎಂದಾಗ ಲಾಗೋಸಿನಲ್ಲೂ ಕಂಪಾಲದಲ್ಲೂ ಕೇಳಿದವರಿಗೆ ಹೇಗನ್ನಿಸಬೇಕು?

ಉಗಾಂಡದಲ್ಲಿ ನೆನಪು ಇನ್ನೂ ಆಳದ್ದು. 1886ರ ಜೂನ್ 3ರಂದು ನಮುಗೊಂಗೊ ಎಂಬಲ್ಲಿ ಬುಗಾಂಡದ ಅರಸ ಮ್ವಾಂಗ ತನ್ನ ಆಸ್ಥಾನದ ಕ್ರೈಸ್ತ ಹುಡುಗರನ್ನು ಜೀವಂತ ಸುಡಿಸಿದ. ಕ್ಯಾಥೊಲಿಕರೂ ಆಂಗ್ಲಿಕನ್ನರೂ ಒಟ್ಟಿಗೆ ಸತ್ತರು. ಅರಸನ ಕಾಮಕ್ಕೆ ಒಪ್ಪದ್ದೂ ಅವರ ಸಾವಿಗೆ ಒಂದು ಕಾರಣ ಎಂದು ಅಲ್ಲಿನ ಸಭೆ ತಲೆಮಾರುಗಳಿಂದ ಹೇಳಿಕೊಂಡು ಬಂದಿದೆ. ಅಧಿಕಾರಸ್ಥನೊಬ್ಬ ಹುಡುಗರ ಮೇಲೆ ಮಾಡುವ ಬಲಾತ್ಕಾರಕ್ಕೂ ಇಬ್ಬರು ವಯಸ್ಕರ ಒಲವಿಗೂ ಆಕಾಶ ಭೂಮಿಯ ಅಂತರವಿದೆ ಎಂಬುದು ನನಗೆ ಸ್ಪಷ್ಟ. ಆದರೂ ಹುತಾತ್ಮರ ಕಥೆ ಕೇಳಿ ಬೆಳೆದ ಮಗುವಿನ ಮನಸ್ಸಿನಲ್ಲಿ ಆ ಎರಡೂ ಒಂದೇ ಎಳೆಯಲ್ಲಿ ಹೆಣೆದುಕೊಂಡಿವೆ. ಅದನ್ನು ಬಿಡಿಸಲು ಬೇಕಾದ ತಾಳ್ಮೆಯನ್ನು ಪಶ್ಚಿಮದವರು ತೋರಿಸಲಿಲ್ಲ.

ಇನ್ನೊಂದು ಸತ್ಯವನ್ನೂ ಬಿಡುವಂತಿಲ್ಲ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ ಕಾನೂನನ್ನು ಈ ದೇಶಗಳಿಗೆ ತಂದದ್ದೂ ಇಂಗ್ಲಿಷರೇ. 1860ರ ಭಾರತೀಯ ದಂಡ ಸಂಹಿತೆಯ 377ನೆಯ ಕಲಂನ ಬಂಧುಗಳು ಪೂರ್ವ, ಪಶ್ಚಿಮ ಆಫ್ರಿಕದ ಕಾನೂನು ಪುಸ್ತಕಗಳಲ್ಲೂ ಕೂತವು. ಇಂಗ್ಲೆಂಡ್ ತನ್ನ ಕಾನೂನನ್ನು 1967ರಲ್ಲಿ ಸಡಿಲಿಸಿಕೊಂಡಿತು, ಅಂದಿನ ಆರ್ಚ್‌ಬಿಷಪ್ ಮೈಕೆಲ್ ರ‍್ಯಾಮ್ಸಿಯವರ ಬೆಂಬಲವೂ ಅದಕ್ಕಿತ್ತು. ಹೊರಗೆ ಬಿತ್ತಿದ್ದು ಮಾತ್ರ ಹೊರಗೇ ಬೇರು ಬಿಟ್ಟು, ನಮ್ಮದೇ ಸಂಸ್ಕೃತಿ ಎಂಬ ಹೆಸರು ಪಡೆಯಿತು.

ಅಮೆರಿಕದ ಆಂಗ್ಲಿಕನ್ ಸಭೆಯಾದ ಎಪಿಸ್ಕೋಪಲ್ ಸಭೆಯಲ್ಲಿ ಗಾಳಿ ಬೇರೆಯೇ ದಿಕ್ಕಿಗೆ ಬೀಸುತ್ತಿತ್ತು. ತಾನು ಸಲಿಂಗಿಯೆಂದು ಮುಚ್ಚಿಡದ ಮಹಿಳೆಗೆ ನ್ಯೂಯಾರ್ಕಿನ ಬಿಷಪ್ ಪಾಲ್ ಮೂರ್ 1977ರಲ್ಲೇ ಪಾದ್ರಿ ದೀಕ್ಷೆ ಕೊಟ್ಟಿದ್ದರು. ಸಂಗಾತಿಯೊಡನೆ ಬಾಳುತ್ತಿದ್ದ ಸಲಿಂಗಿಗೆ ದೀಕ್ಷೆ ಕೊಟ್ಟರೆಂದು ವಾಲ್ಟರ್ ರೈಟರ್ ಎಂಬ ನಿವೃತ್ತ ಬಿಷಪರ ಮೇಲೆ ಧರ್ಮದ್ರೋಹದ ಆರೋಪ ಹೊರಿಸಲಾಯಿತು. 1996ರ ಮೇ ತಿಂಗಳಲ್ಲಿ ಸಭೆಯ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಇಂಥ ದೀಕ್ಷೆಯನ್ನು ತಡೆಯುವ ಮೂಲ ಸಿದ್ಧಾಂತವೇ ಸಭೆಯಲ್ಲಿಲ್ಲ ಎಂದಿತು. ಬಾಗಿಲು ಅಲ್ಲಿಗೆ ತೆರೆಯಿತು.

ಆ ಬಾಗಿಲಿನಿಂದ ಬಂದವರು ಜೀನ್ ರಾಬಿನ್‌ಸನ್. 1947ರಲ್ಲಿ ಕೆಂಟಕಿಯಲ್ಲಿ, ಗುತ್ತಿಗೆಗೆ ತಂಬಾಕು ಬೆಳೆಯುತ್ತಿದ್ದ ಬಡ ದಂಪತಿಗೆ ಹುಟ್ಟಿದವರು. ಹುಟ್ಟಿದಾಗ ಮಗು ಬದುಕುತ್ತದೆಂದು ಯಾರೂ ನಂಬಿರಲಿಲ್ಲ. ಹೆಣ್ಣಾದರೆ ಇಡಬೇಕೆಂದಿದ್ದ ವಿಕಿ ಜೀನ್ ಎಂಬ ಹೆಸರನ್ನೇ ಗಂಡುಮಗುವಿಗೂ ಇಟ್ಟರು. ಮುಂದೆ ಅವರು ಪಾದ್ರಿಯಾದರು, ಮದುವೆಯಾದರು, ಇಬ್ಬರು ಹೆಣ್ಣುಮಕ್ಕಳ ತಂದೆಯಾದರು. ತಮ್ಮ ಸ್ವಭಾವವನ್ನು ಇನ್ನು ಮುಚ್ಚಿಡಲಾಗದು ಎನ್ನಿಸಿದಾಗ ದಂಪತಿ ಬೇರೆಯಾದರು. ವಿಚ್ಛೇದನ ಮುಗಿದ ಮೇಲೆ ಇಬ್ಬರೂ ಪಾದ್ರಿಯ ಮುಂದೆ ನಿಂತು ಪರಸ್ಪರ ಕ್ಷಮೆ ಕೇಳಿ, ತೊಡಿಸಿದ್ದ ಉಂಗುರಗಳನ್ನು ಹಿಂದಿರುಗಿಸಿ, ಒಟ್ಟಿಗೆ ಕರ್ತನ ಭೋಜನ ಸ್ವೀಕರಿಸಿದರು. ಹೆಂಡತಿ ಮಕ್ಕಳನ್ನು ಬಿಟ್ಟು ಓಡಿದವನು ಎಂದು ರಾಬಿನ್‌ಸನ್ನರನ್ನು ಹಳಿದವರು ಈ ಸಂಗತಿಯನ್ನು ಹೇಳುವುದಿಲ್ಲ.

2003ರ ಜೂನ್ 7ರಂದು ನ್ಯೂ ಹ್ಯಾಂಪ್‌ಶೈರ್ ಡಯಾಸಿಸಿನ, ಅಂದರೆ ಬಿಷಪರ ಆಡಳಿತಕ್ಕೆ ಒಳಪಟ್ಟ ಪ್ರದೇಶದ, ಪಾದ್ರಿಗಳೂ ವಿಶ್ವಾಸಿಗಳೂ ಅವರನ್ನು ಬಿಷಪರನ್ನಾಗಿ ಆರಿಸಿದರು. ಆ ಊರಿನವರಿಗೆ ಅವರು ವಾದದ ವಸ್ತುವಾಗಿರಲಿಲ್ಲ. ವರ್ಷಗಟ್ಟಲೆ ತಮ್ಮ ನಡುವೆ ಕೆಲಸ ಮಾಡಿದ, ತಮಗೆ ಗೊತ್ತಿದ್ದ ಪಾದ್ರಿ. ಆಗಸ್ಟ್ 5ರಂದು ಮಿನಿಯಾಪೊಲಿಸ್‌ನಲ್ಲಿ ಬಿಷಪರ ಸದನ 62ಕ್ಕೆ 43 ಮತಗಳಿಂದ ಆ ಆಯ್ಕೆಗೆ ಒಪ್ಪಿಗೆ ಕೊಟ್ಟಿತು. ಅಕ್ಟೋಬರಿನಲ್ಲಿ ಲ್ಯಾಂಬೆತ್ ಅರಮನೆಯಲ್ಲಿ ತುರ್ತಾಗಿ ಸೇರಿದ ಪ್ರಾಂತಗಳ ಮುಖ್ಯಸ್ಥರು, ಈ ಅಭಿಷೇಕ ನಡೆದರೆ ಬಳಗದ ನೇಯ್ಗೆಯೇ ಹರಿಯುತ್ತದೆ ಎಂದು ಎಚ್ಚರಿಸಿದರು. ಆದರೂ ನವೆಂಬರ್ 2ರಂದು ಡರಮ್ ಪಟ್ಟಣದಲ್ಲಿ, ವಿಶ್ವವಿದ್ಯಾಲಯದ ಐಸ್ ಹಾಕಿ ಕ್ರೀಡಾಂಗಣದಲ್ಲಿ ಅಭಿಷೇಕ ನಡೆಯಿತು. ಯಾವ ಚರ್ಚೂ ಹಿಡಿಸಲಾರದಷ್ಟು ಜನ ಸೇರಿದ್ದರು. ಕೊಲೆ ಬೆದರಿಕೆಗಳು ಬಂದಿದ್ದರಿಂದ ಬಿಳಿ ನಿಲುವಂಗಿಯ ಒಳಗೆ ರಾಬಿನ್‌ಸನ್ ಗುಂಡು ತಡೆಯುವ ಕವಚ ತೊಟ್ಟಿದ್ದರು. ಬಾಗಿಲಲ್ಲಿ ಪೊಲೀಸರು. ಆಕ್ಷೇಪವಿದ್ದವರು ಈಗ ಹೇಳಬಹುದು ಎಂದು ಮುಖ್ಯ ಬಿಷಪ್ ಫ್ರ್ಯಾಂಕ್ ಗ್ರಿಸ್ವೋಲ್ಡ್ ವಿಧಿಯಂತೆ ಕೇಳಿದಾಗ ಕೆಲವರು ಮುಂದೆ ಬಂದು ತಮ್ಮ ಆಕ್ಷೇಪ ಓದಿದರು. ಸೇರಿದ್ದವರು ಕೇಳಿಸಿಕೊಂಡರು, ಆಕ್ಷೇಪಿಸಿದವರು ಹೊರಗೆ ಹೋದರು, ವಿಧಿ ಮುಂದುವರಿಯಿತು. ಮಾಜಿ ಪತ್ನಿಯೂ ಹೆಣ್ಣುಮಕ್ಕಳೂ ಅಲ್ಲಿದ್ದರು. ತಲೆಗೆ ತೊಡಿಸುವ ಮೈಟರನ್ನು ಕೈಗೆ ಕೊಟ್ಟವರು ಅವರ ಸಂಗಾತಿ.

ಅದೇ ವರ್ಷದ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದು, ನನ್ನ ಲೆಕ್ಕದಲ್ಲಿ, ಇದಕ್ಕಿಂತ ನೋವಿನ ಪ್ರಸಂಗ. ಜೆಫ್ರಿ ಜಾನ್ ಎಂಬ ವಿದ್ವಾಂಸ ಪಾದ್ರಿಯನ್ನು ರೆಡಿಂಗಿನ ಬಿಷಪರನ್ನಾಗಿ ನೇಮಿಸಲಾಗಿತ್ತು. ಅವರಿಗೂ ಬಹುಕಾಲದ ಸಂಗಾತಿಯಿದ್ದರು. ಆದರೆ ಸಭೆಯ ನಿಯಮಕ್ಕೆ ತಲೆಬಾಗಿ ತಾವು ಬ್ರಹ್ಮಚರ್ಯದಲ್ಲಿದ್ದೇವೆ ಎಂದು ಅವರು ಬಹಿರಂಗವಾಗಿ ಹೇಳಿದ್ದರು. ಸಭೆ ಕೇಳಿದ್ದನ್ನೆಲ್ಲ ಕೊಟ್ಟಿದ್ದರು. ಒಂಬತ್ತು ಬಿಷಪರು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು, ಹೊರದೇಶಗಳಿಂದ ಒತ್ತಡ ಬಂತು. ಆಗತಾನೆ ಕ್ಯಾಂಟರ್‌ಬರಿಯ ಪೀಠಕ್ಕೆ ಬಂದಿದ್ದ ರೋವನ್ ವಿಲಿಯಮ್ಸ್, ಹಿಂದೊಮ್ಮೆ ಸಲಿಂಗ ಪ್ರೀತಿಯ ಪರವಾಗಿ ದೇವಶಾಸ್ತ್ರದ ಮಹತ್ವದ ಉಪನ್ಯಾಸ ಕೊಟ್ಟಿದ್ದವರು, ಜೆಫ್ರಿ ಜಾನ್ ಅವರನ್ನು ಕರೆಸಿ ಗಂಟೆಗಟ್ಟಲೆ ಮಾತಾಡಿದರು. ಜುಲೈ 6ರಂದು ಅವರು ಹಿಂದೆ ಸರಿದರು ಎಂಬ ಪ್ರಕಟಣೆ ಬಂತು. ಒಗ್ಗಟ್ಟಿಗಾಗಿ ಎಂದರು. ನಿಯಮ ಮೀರಿದವನನ್ನು ತಡೆಯುವುದು ಒಂದು ಮಾತು. ನಿಯಮ ಪಾಲಿಸಿದವನನ್ನೂ ಕೆಳಗಿಳಿಸಿದ ಮೇಲೆ ಪ್ರಶ್ನೆ ಆಚರಣೆಯದಾಗಿ ಉಳಿಯಲಿಲ್ಲ, ಆ ವ್ಯಕ್ತಿ ಇರುವುದೇ ಪ್ರಶ್ನೆಯಾಯಿತು. ಹೀಗೆ ಕೊಟ್ಟ ಬಲಿಯಿಂದ ಬಂದ ಒಗ್ಗಟ್ಟಾದರೂ ನಾಲ್ಕು ತಿಂಗಳು ಬಾಳಲಿಲ್ಲ.

ನಂತರ ನಡೆದದ್ದು ಸಮಿತಿ, ವರದಿ, ಗಡುವುಗಳ ಕಾಲ. ಐರ್ಲೆಂಡಿನ ಆರ್ಚ್‌ಬಿಷಪ್ ರಾಬಿನ್ ಈಮ್ಸ್ ನೇತೃತ್ವದ ಸಮಿತಿ 2004ರಲ್ಲಿ ವಿಂಡ್ಸರ್ ವರದಿ ಕೊಟ್ಟಿತು. ಅಮೆರಿಕದವರು ವಿಷಾದ ಸೂಚಿಸಬೇಕು, ಇಂಥ ಅಭಿಷೇಕಗಳನ್ನು ಸದ್ಯಕ್ಕೆ ನಿಲ್ಲಿಸಬೇಕು, ಆಫ್ರಿಕದವರು ಇನ್ನೊಬ್ಬರ ಡಯಾಸಿಸಿಗೆ ನುಗ್ಗುವುದನ್ನು ಬಿಡಬೇಕು ಎಂದಿತು. ಇಬ್ಬರೂ ಮನಸ್ಸಿಟ್ಟು ಕೇಳಲಿಲ್ಲ. ನೈಜೀರಿಯದ ಆರ್ಚ್‌ಬಿಷಪ್ ಪೀಟರ್ ಅಕಿನೊಲ ಈ ಹೊತ್ತಿಗೆ ವಿರೋಧದ ದೊಡ್ಡ ದನಿಯಾಗಿದ್ದರು. ಮರಗೆಲಸ ಮಾಡಿಕೊಂಡಿದ್ದು ಆಮೇಲೆ ಪಾದ್ರಿಯಾದವರು, ಕೋಟಿಗಟ್ಟಲೆ ವಿಶ್ವಾಸಿಗಳ ಸಭೆಯ ಮುಖ್ಯಸ್ಥರು, ಯಾರಿಗೂ ಅಂಜುವ ಜಾಯಮಾನದವರಲ್ಲ. 2005ರಲ್ಲಿ ಅವರ ಸಭೆ ತನ್ನ ಸಂವಿಧಾನದಿಂದ ಕ್ಯಾಂಟರ್‌ಬರಿಯ ಹೆಸರನ್ನು ತೆಗೆದುಹಾಕಿತು. ಅವರ ಧೈರ್ಯವನ್ನು ಮೆಚ್ಚಬಹುದು. ಆದರೆ ಸಲಿಂಗಿಗಳ ಸಂಘಟನೆ, ಸಭೆಗಳನ್ನೂ ಜೈಲಿಗೆ ಹಾಕುವಂಥ ಅಪರಾಧವಾಗಿಸಲು ಹೊರಟ ಮಸೂದೆಗೆ 2006ರಲ್ಲಿ ಅವರ ಸಭೆ ಬೆಂಬಲ ಕೊಟ್ಟದ್ದನ್ನು ಯಾವ ಚರಿತ್ರೆಯ ಗಾಯವೂ ಸಮರ್ಥಿಸಲಾರದು. ಕೇಳಿಸಿಕೊಳ್ಳುತ್ತೇವೆ ಎಂದ 1998ರ ನಿರ್ಣಯಕ್ಕೆ ಅವರೂ ಬದ್ಧರೇ ಆಗಿದ್ದರಲ್ಲವೇ?

ಪಂಕ್ತಿ ಎಲ್ಲರ ಕಣ್ಣೆದುರು ಮುರಿದದ್ದು 2007ರ ಫೆಬ್ರವರಿಯಲ್ಲಿ, ತಾಂಜಾನಿಯದ ದಾರ್ ಎಸ್ ಸಲಾಮಿನಲ್ಲಿ. ಪ್ರಾಂತಗಳ ಮುಖ್ಯಸ್ಥರ ಸಭೆ. ಎಪಿಸ್ಕೋಪಲ್ ಸಭೆಯ ಹೊಸ ಮುಖ್ಯಸ್ಥೆ ಕ್ಯಾಥರೀನ್ ಜೆಫರ್ಟ್ಸ್ ಶೋರಿ ಅಲ್ಲಿ ಕೂತಿದ್ದರು. ಆಂಗ್ಲಿಕನ್ ಬಳಗದಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಅವರೊಡನೆ ಕರ್ತನ ಭೋಜನ ಸ್ವೀಕರಿಸುವುದಿಲ್ಲವೆಂದು ಅಕಿನೊಲ ಸೇರಿ ಏಳು ಮಂದಿ ಆರ್ಚ್‌ಬಿಷಪರು ಹೇಳಿಕೆ ಕೊಟ್ಟು ದೂರ ಉಳಿದರು. ಅದೇ ದಿನಗಳಲ್ಲಿ ಸಭೆ ಜಾಂಜಿಬಾರ್ ದ್ವೀಪಕ್ಕೂ ಹೋಯಿತು. ಅಲ್ಲಿನ ಕೆಥೆಡ್ರಲ್ ಕಟ್ಟಿರುವುದು ಹಳೆಯ ಗುಲಾಮರ ಸಂತೆಯ ಜಾಗದಲ್ಲಿ. ಗುಲಾಮರನ್ನು ಕಟ್ಟಿ ಚಾಟಿಯಿಂದ ಹೊಡೆಯುತ್ತಿದ್ದ ಕಂಬವಿದ್ದ ಕಡೆಯೇ ಬಲಿಪೀಠ ಇದೆಯೆನ್ನುತ್ತಾರೆ. ಸತ್ಯವೇದ ಓದಿಯೇ ಗುಲಾಮಗಿರಿಯನ್ನು ಸಮರ್ಥಿಸಿದ, ಸತ್ಯವೇದ ಓದಿಯೇ ಅದನ್ನು ಕಿತ್ತೊಗೆದ ಸಭೆಯೊಂದರ ಹಿರಿಯರಿಗೆ ಆ ಜಾಗಕ್ಕೂ ಒಂದೇ ಮನಸ್ಸಿನಿಂದ ಹೋಗಲಾಗಲಿಲ್ಲ.

ಅಮೆರಿಕದಲ್ಲಿ ಜಗಳ ಆಸ್ತಿಗೆ ಇಳಿಯಿತು. ವರ್ಜೀನಿಯದ ಫಾಲ್ಸ್ ಚರ್ಚ್ 1732ರಷ್ಟು ಹಳೆಯದು. ಊರಿಗೂ ಅದರ ಹೆಸರೇ. 2006ರ ಡಿಸೆಂಬರಿನಲ್ಲಿ ಅಲ್ಲಿನ ವಿಶ್ವಾಸಿಗಳು ಭಾರೀ ಬಹುಮತದಿಂದ ಎಪಿಸ್ಕೋಪಲ್ ಸಭೆ ತೊರೆದು ನೈಜೀರಿಯದ ಆಶ್ರಯ ಕೇಳಿದರು. ಕಟ್ಟಡ ಯಾರದ್ದು? ಹೊರಟವರು ಹಿಡಿದದ್ದು ಅಂತರ್ಯುದ್ಧದ ನಂತರ, 1867ರಲ್ಲಿ ವರ್ಜೀನಿಯ ಮಾಡಿದ್ದ ಕಾನೂನನ್ನು: ಸಭೆ ಒಡೆದಾಗ ಆಯಾ ಊರಿನ ಬಹುಮತದವರೇ ಆಸ್ತಿಯ ಗತಿ ತೀರ್ಮಾನಿಸಬಹುದು ಎಂದಿತ್ತು ಅದು. ಗುಲಾಮಗಿರಿಯ ಪ್ರಶ್ನೆಯಲ್ಲಿ ಒಡೆದ ಸಭೆಗಳ ಕಾಲದ ಕಾನೂನು ಸಲಿಂಗ ಪ್ರೀತಿಯ ಪ್ರಶ್ನೆಯಲ್ಲಿ ಒಡೆದ ಸಭೆಯ ವ್ಯಾಜ್ಯಕ್ಕೆ ಬಂತು. ಕೆಳಗಿನ ನ್ಯಾಯಾಲಯದಲ್ಲಿ ಮೊದಲು ಗೆದ್ದರು, ಕೊನೆಗೆ ಸೋತರು. 2012ರಲ್ಲಿ ಕಟ್ಟಡ ಬಿಟ್ಟು ಹೊರಟರು. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೇಲ್ಮನವಿ ಕೇಳಲು ಒಪ್ಪಲಿಲ್ಲ. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ, ಹಿರಿಯರನ್ನು ಮಣ್ಣು ಮಾಡಿದ ಜಾಗವನ್ನು ಬಿಟ್ಟು ಶಾಲೆಯ ಸಭಾಂಗಣ ಹುಡುಕಿಕೊಂಡು ಹೊರಟವರ ನೋವೂ ನೋವೇ. ಅವರ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಅದಕ್ಕಾಗಿ ಅವರು ತೆತ್ತದ್ದು ಕಡಿಮೆಯಲ್ಲ.

2008ರಲ್ಲಿ ಎರಡು ಸಮ್ಮೇಳನಗಳು. ಜೂನಿನಲ್ಲಿ ಜೆರುಸಲೇಮಿನಲ್ಲಿ ಸಂಪ್ರದಾಯವಾದಿಗಳ ಗ್ಯಾಫ್‌ಕಾನ್: ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು, ಅವರಲ್ಲಿ 291 ಬಿಷಪರು. ಮುಂದಿನ ತಿಂಗಳು ಕ್ಯಾಂಟರ್‌ಬರಿಯಲ್ಲಿ ಲ್ಯಾಂಬೆತ್: ಇನ್ನೂರಕ್ಕೂ ಹೆಚ್ಚು ಬಿಷಪರ ಬಹಿಷ್ಕಾರ. ರಾಬಿನ್‌ಸನ್ನರಿಗೆ ಎರಡರಿಂದಲೂ ಕರೆಯಿಲ್ಲ. ಅವರು ಲಂಡನ್ನಿನ ಪುಟ್ನಿ ಚರ್ಚಿನಲ್ಲಿ ಬೋಧನೆ ಮಾಡುತ್ತಿದ್ದಾಗ ಒಬ್ಬ ಎದ್ದು ಕೂಗಾಡಿದ; ಜನ ಸ್ತೋತ್ರಗೀತೆ ಎತ್ತಿಕೊಂಡರು, ಅವನನ್ನು ಹೊರಗೆ ಕರೆದೊಯ್ದರು, ರಾಬಿನ್‌ಸನ್ ಅವನಿಗಾಗಿ ಪ್ರಾರ್ಥಿಸಿ ಎಂದು ಕೇಳಿ ಬೋಧನೆ ಮುಂದುವರಿಸಿದರು. ಮರುವರ್ಷ ಅಮೆರಿಕದಲ್ಲಿ, ಹೊರಟುಹೋದ ಡಯಾಸಿಸ್‌ಗಳು ಸೇರಿ ಬೇರೆಯದೇ ಆಂಗ್ಲಿಕನ್ ಸಭೆ ಕಟ್ಟಿಕೊಂಡವು.

ಪಾದ್ರಿಗಳ ಪ್ರಶ್ನೆ ಅಷ್ಟರಲ್ಲಿ ಮದುವೆಯ ಪ್ರಶ್ನೆಯಾಗಿತ್ತು. 2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ಸಲಿಂಗ ವಿವಾಹವನ್ನು ದೇಶದಾದ್ಯಂತ ಮಾನ್ಯ ಮಾಡಿತು. ಒಂದು ವಾರವೂ ಕಳೆಯದೆ ಎಪಿಸ್ಕೋಪಲ್ ಸಭೆ ತನ್ನ ಮದುವೆಯ ವಿಧಿಯನ್ನು ಎಲ್ಲ ಜೋಡಿಗಳಿಗೂ ತೆರೆಯಿತು. 2016ರ ಜನವರಿಯಲ್ಲಿ ಪ್ರಾಂತಗಳ ಮುಖ್ಯಸ್ಥರು ಆ ಸಭೆಯನ್ನು ಮೂರು ವರ್ಷ ಕೆಲವು ಜವಾಬ್ದಾರಿಗಳಿಂದ ದೂರ ಇಟ್ಟರು. ಅಂದು ಅದನ್ನು ಎದುರಿಗೆ ಕೂತು ಕೇಳಿಸಿಕೊಂಡವರು ಮೈಕೆಲ್ ಕರಿ, ಎಪಿಸ್ಕೋಪಲ್ ಸಭೆಯ ಮೊದಲ ಕಪ್ಪು ಮುಖ್ಯಸ್ಥರು. ತಾನು ಆಫ್ರಿಕದಿಂದ ಕದ್ದೊಯ್ದು ಗುಲಾಮರನ್ನಾಗಿಸಿದವರ ಸಂತಾನ, ಹೊರಗಿಡುವುದರ ನೋವು ತನಗೆ ಗೊತ್ತು ಎಂದು ಅವರು ಆಫ್ರಿಕದ ಸಹೋದರರಿಗೆ ಹೇಳಿದರು. ಬಿಳಿಯರ ಪಶ್ಚಿಮ, ಕಪ್ಪು ಆಫ್ರಿಕ ಎಂದು ಈ ಜಗಳವನ್ನು ಬಣ್ಣದಿಂದ ಅಳೆಯುವವರು ಮೈಕೆಲ್ ಕರಿ ಅವರ ಮಾತನ್ನು ಕೇಳಬೇಕು. ದಕ್ಷಿಣ ಆಫ್ರಿಕದ ಡೆಸ್ಮಂಡ್ ಟುಟು ಕೂಡ ಸಲಿಂಗಿಗಳನ್ನು ದ್ವೇಷಿಸುವ ದೇವರನ್ನು ತಾನು ಪೂಜಿಸಲಾರೆ ಎಂದಿದ್ದರು. ಅವರ ಮಗಳು ಎಂಫೊ ಪಾದ್ರಿಯಾಗಿದ್ದವರು. ಮಹಿಳೆಯೊಬ್ಬರನ್ನು ಮದುವೆಯಾದ ಮೇಲೆ 2016ರಲ್ಲಿ ಆ ದೇಶದ ಸಭೆಯಲ್ಲಿ ಪಾದ್ರಿಯ ಪರವಾನಗಿಯನ್ನು ಬಿಟ್ಟುಕೊಡಬೇಕಾಯಿತು.

ಇಂಗ್ಲೆಂಡಿನ ಸಭೆ ಕೊನೆಗೆ ಬಾಯಿ ಬಿಟ್ಟದ್ದು 2023ರ ಫೆಬ್ರವರಿ 9ರಂದು. ಲಂಡನ್ನಿನಲ್ಲಿ ಎರಡು ದಿನ ಹರಡಿದ, ಎಂಟು ಗಂಟೆಯ ಚರ್ಚೆಯ ನಂತರ ಸಭೆಯ ಶಾಸನ ಮಂಡಳಿಯಾದ ಸಿನಡ್ ಸಲಿಂಗ ಜೋಡಿಗಳಿಗಾಗಿ ಪ್ರಾರ್ಥಿಸಿ ಆಶೀರ್ವದಿಸುವುದನ್ನು ಒಪ್ಪಿತು. ಬಿಷಪರಲ್ಲಿ 36ಕ್ಕೆ 4, ಪಾದ್ರಿಗಳಲ್ಲಿ 111ಕ್ಕೆ 85, ವಿಶ್ವಾಸಿಗಳಲ್ಲಿ 103ಕ್ಕೆ 92. ಮೇಲಿಂದ ಕೆಳಗೆ ಇಳಿದಂತೆ ಅಂತರ ಕಿರಿದಾದುದನ್ನು ಗಮನಿಸಿ. ಒಡಕು ಖಂಡಗಳ ನಡುವೆ ಮಾತ್ರ ಇಲ್ಲ, ಒಂದೇ ಬೆಂಚಿನಲ್ಲಿ ಕೂತವರ ನಡುವೆಯೂ ಇದೆ. ಮದುವೆ ಮಾತ್ರ ಇಲ್ಲ, ಆಶೀರ್ವಾದ ಮಾತ್ರ ಎಂಬ ಈ ನಡುದಾರಿ ಯಾರನ್ನೂ ತಣಿಸಲಿಲ್ಲ. ಏಪ್ರಿಲಿನಲ್ಲಿ ರುವಾಂಡದ ಕಿಗಾಲಿಯಲ್ಲಿ ಸೇರಿದ ಗ್ಯಾಫ್‌ಕಾನ್, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರ ಹಿರಿತನವನ್ನು ಇನ್ನು ಒಪ್ಪುವುದಿಲ್ಲವೆಂದು ಘೋಷಿಸಿತು. ಮರುತಿಂಗಳು ಉಗಾಂಡದಲ್ಲಿ, ಕೆಲವು ಸಂದರ್ಭಗಳಲ್ಲಿ ಮರಣದಂಡನೆಯನ್ನೂ ವಿಧಿಸುವ ಸಲಿಂಗಕಾಮ ವಿರೋಧಿ ಕಾನೂನು ಬಂತು. ಅಲ್ಲಿನ ಆರ್ಚ್‌ಬಿಷಪ್ ಸ್ಟೀಫನ್ ಕಜೀಂಬ ಮರಣದಂಡನೆ ಬೇಡವೆಂದರು, ಉಳಿದ ಕಾನೂನನ್ನು ಸ್ವಾಗತಿಸಿದರು. ಬೆಂಬಲ ಹಿಂತೆಗೆದುಕೊಳ್ಳಿ ಎಂದು ವೆಲ್ಬಿ ಬರೆದ ಪತ್ರಕ್ಕೆ ಬೆಲೆ ಸಿಗಲಿಲ್ಲ. ಕೇಳಬೇಕಾದ ಹೊತ್ತಿಗೆ ಕೇಳುವ ಬಾಂಧವ್ಯವೇ ಉಳಿದಿರಲಿಲ್ಲ. ಇಪ್ಪತ್ತೈದು ವರ್ಷದ ಈ ಜಗಳದ ಅತಿ ದೊಡ್ಡ ನಷ್ಟ ಇದೇ ಎಂದು ನಾನು ತಿಳಿದಿದ್ದೇನೆ: ಕಂಪಾಲದ ಒಬ್ಬ ಸಲಿಂಗಿ ಆಂಗ್ಲಿಕನ್ ಹುಡುಗನ ಪರವಾಗಿ ಅವನ ಬಿಷಪರ ಹತ್ತಿರ ಮಾತಾಡಬಲ್ಲ ಒಬ್ಬ ಹಿರಿಯರೂ ಹೊರಗೆ ಉಳಿಯಲಿಲ್ಲ.

ಕರ್ನಾಟಕದ ಕ್ರೈಸ್ತರಲ್ಲೂ ಈ ಬಳಗದವರಿದ್ದಾರೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಆಂಗ್ಲಿಕನ್ ಚರ್ಚಾಗಿ ಹುಟ್ಟಿ ಈಗ ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ.) ಸೇರಿದೆ, ಬೆಂಗಳೂರು, ಮಂಗಳೂರು, ಧಾರವಾಡಗಳಲ್ಲಿ ಬಿಷಪರ ಪೀಠವಿರುವ ಈ ಸಭೆ ಆಂಗ್ಲಿಕನ್ ಬಳಗದ ಸದಸ್ಯ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಮತ್ತಿತರರು ಒಂದಾಗಿ ಈ ಸಭೆ ಕಟ್ಟಿದಾಗ, ಬಿಷಪರ ಕೈಯಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನೂ ಒಳಗೆ ಸೇರಿಸಿಕೊಂಡರೆಂದು ಇಂಗ್ಲೆಂಡಿನಲ್ಲಿ ಹಲವರು ಮುಖ ತಿರುಗಿಸಿದ್ದರು. ಅವರಿವರ ಜೊತೆ ಕೂರಲಾಗದು ಎಂಬ ಮಾತನ್ನು ನಮ್ಮವರೂ ಒಂದು ಕಾಲಕ್ಕೆ ಕೇಳಿಸಿಕೊಂಡವರೇ. ಸಿ.ಎಸ್.ಐ. ಸಲಿಂಗ ವಿವಾಹ ನಡೆಸುವುದಿಲ್ಲ. ಹಾಗೆಂದು ಕ್ಯಾಂಟರ್‌ಬರಿಯ ಜೊತೆಗಿನ ನಂಟನ್ನೂ ಕಡಿದುಕೊಂಡಿಲ್ಲ. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟ್ 377ನೆಯ ಕಲಮಿನ ಹಲ್ಲು ಕಿತ್ತಿತು, 2023ರ ಅಕ್ಟೋಬರಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಸಿ.ಎಸ್.ಐ. ಸಭೆಗಳ ಪೀಠದಿಂದ ಇದರ ಬಗ್ಗೆ ತೆರೆದ ಮಾತು ಬರಬೇಕು ಎಂಬುದು ನನ್ನ ಆಸೆ. ಆ ಬೆಂಚುಗಳಲ್ಲೂ ಸಲಿಂಗಿಗಳಿದ್ದಾರೆ, ಅವರ ತಾಯಿತಂದೆಯರಿದ್ದಾರೆ.

2025ರ ಅಕ್ಟೋಬರ್ 3ರಂದು ಸಾರಾ ಮುಲಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪರಾಗಿ ಹೆಸರಿಸಲ್ಪಟ್ಟರು. ಆ ಪೀಠಕ್ಕೆ ಮೊದಲ ಮಹಿಳೆ, ಹಿಂದೆ ನರ್ಸ್ ಆಗಿದ್ದವರು, ಸಲಿಂಗ ಜೋಡಿಗಳ ಕುರಿತ ಇಂಗ್ಲೆಂಡ್ ಸಭೆಯ ಚರ್ಚೆಗಳಿಗೆ ಮುಂದಾಳಾಗಿದ್ದವರು. ಎರಡು ವಾರ ಕಳೆಯುವಷ್ಟರಲ್ಲಿ ಗ್ಯಾಫ್‌ಕಾನ್ ಮುಖ್ಯಸ್ಥ, ರುವಾಂಡದ ಆರ್ಚ್‌ಬಿಷಪ್ ಲಾರೆಂಟ್ ಎಂಬಾಂಡ ತಾವೇ ಜಾಗತಿಕ ಆಂಗ್ಲಿಕನ್ ಬಳಗ ಎಂದು ಸಾರಿದರು. ಸದಸ್ಯ ಪ್ರಾಂತಗಳು ತಮ್ಮ ಸಂವಿಧಾನಗಳಿಂದ ಕ್ಯಾಂಟರ್‌ಬರಿಯ ಹೆಸರನ್ನು ತೆಗೆಯಬೇಕೆಂದು ಕರೆ ಕೊಟ್ಟರು. ನೈಜೀರಿಯ ಅದನ್ನು ಇಪ್ಪತ್ತು ವರ್ಷದ ಹಿಂದೆಯೇ ಮಾಡಿತ್ತು. ಮಿಕ್ಕ ಪ್ರಾಂತಗಳ ತೀರ್ಮಾನ ಅವುಗಳ ಸಿನಡ್‌ಗಳ ಕೈಯಲ್ಲಿತ್ತು. ಇಂಗ್ಲೆಂಡಿನಲ್ಲಿ ಆ ಹೊತ್ತಿಗೂ ಸಲಿಂಗಿ ಪಾದ್ರಿಯೊಬ್ಬರು ಬೇರೆ ಸಲಿಂಗ ಜೋಡಿಯನ್ನು ಆಶೀರ್ವದಿಸಬಹುದಿತ್ತು. ತಾವು ಪ್ರೀತಿಸಿದವರನ್ನು ಮದುವೆಯಾಗುವ ಅನುಮತಿ ಅವರಿಗಿರಲಿಲ್ಲ.